ಹಾರಕ್ಕೆ ಎರಡು ಕೊಂಡಿ

ಮರ್ದಾನಸಾಬರು ಒಂದು ಚಿತ್ರವನ್ನೂ ಎದುರಿಗೆ ನಿಂತು ನೋಡುತ್ತಿರಲಿಲ್ಲ. ಹೈದರಾಬಾದಿನ ದೊಡ್ಡ ವಸ್ತುಸಂಗ್ರಹಾಲಯದಲ್ಲಿ ಜನವೆಲ್ಲ ನವಾಬರ ಮೀಸೆ, ಬೇಗಮರ ಮೂಗುತಿ ನೋಡುತ್ತ ಮುಂದೆ ಸಾಗುತ್ತಿದ್ದರೆ, ಇವರು ಗೋಡೆಗೆ ಕೆನ್ನೆ ಹಚ್ಚಿ, ಒಂದು ಕಣ್ಣು ಮುಚ್ಚಿ, ಚಿತ್ರದ ಕಟ್ಟಿಗೂ ಗೋಡೆಗೂ ನಡುವಿನ ಬೆರಳಗಲದ ಸಂದಿಯಲ್ಲಿ ಇಣುಕುತ್ತಿದ್ದರು. ಕಾವಲಿನವನು ಓಡಿ ಬಂದು ಗದರಿದರೆ ಎರಡೂ ಕೈ ಮೇಲೆತ್ತಿ ಮುಟ್ಟಿಲ್ಲವೆಂದು ತೋರಿಸುವರು. ಅವನದೇ ಉರ್ದುವಿನಲ್ಲಿ ಅವನ ಮನೆಮಂದಿಯ ಕ್ಷೇಮ ವಿಚಾರಿಸುವರು. ಆಮೇಲೆ ಮುಂದಿನ ಚಿತ್ರದ ಪಕ್ಕಕ್ಕೆ ಹೋಗಿ ಮತ್ತೆ ಕೆನ್ನೆ ಹಚ್ಚುವರು. ಅರವತ್ತರ ಹತ್ತಿರದ ಗೃಹಸ್ಥ, ತಲೆಗೆ ಬಿಳಿ ಟೊಪ್ಪಿಗೆ, ಇಸ್ತ್ರಿ ಮುರಿಯದ ಅಂಗಿ. ನನಗೆ ನಾಚಿಕೆಯಾಗಿ ಹತ್ತು ಹೆಜ್ಜೆ ಹಿಂದೆ ನಡೆಯುತ್ತಿದ್ದೆ.

ಗಂಗಾವತಿಯ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿ ಅವರದು. ಕಟ್ಟಿನ ಪಟ್ಟಿ, ಗಾಜು ತರಲು ತಿಂಗಳಿಗೊಮ್ಮೆ ಹೈದರಾಬಾದಿಗೆ ಹೋಗುತ್ತಿದ್ದರು. ಸಕ್ಕರೆ ಕಾಯಿಲೆಯಿಂದ ನನ್ನ ಅವ್ವನ ಕಣ್ಣಿನ ಪರದೆ ಹಾಳಾಗಿತ್ತು. ಕಣ್ಣಿಗೆ ಸೂಜಿ ಹಾಕಿಸಲು ನಾವೂ ತಿಂಗಳಿಗೊಮ್ಮೆ ಅಲ್ಲಿಗೇ ಹೋಗಬೇಕಾಗಿತ್ತು. ಆಸ್ಪತ್ರೆಯ ಕೆಲಸ ಮುಗಿದ ಮೇಲೆ ಬಸ್ಸಿನ ತನಕ ಬೇಕಾದಷ್ಟು ಹೊತ್ತು ಉಳಿಯುತ್ತಿತ್ತು. ‘ಈ ಮದ್ದಿನ ವಾಸನ್ಯಾಗ ಕುಂತು ಏನ್ ಮಾಡ್ತೀರಿ ಅಕ್ಕೋರ? ಬರ್ರಿ, ತಂಪನ್ನ ಜಾಗಾ ತೋರಸ್ತೀನಿ’ ಎಂದು ಅವರೇ ಕರೆದೊಯ್ದರು. ನಾನು ಸರ್ಕಾರಿ ಶಾಲೆಯ ಟೀಚರು. ನಮ್ಮ ಕಡೆ ಟೀಚರಿಗೆ ಅಕ್ಕೋರು ಅನ್ನುವುದು ರೂಢಿ. ಹೀಗೆ ಒಂದು ವರ್ಷದೊಳಗೆ ಆ ಊರಿನ ವಸ್ತುಸಂಗ್ರಹಾಲಯ, ಚಿತ್ರಶಾಲೆಗಳನ್ನೆಲ್ಲ ಸುತ್ತಿದೆವು.

ಹೊಸ ಕಾಲದ ಒಂದು ಚಿತ್ರಶಾಲೆಯಲ್ಲಿ ಬಾಗಿಲಿನಷ್ಟು ದೊಡ್ಡ ಬಟ್ಟೆಗೆ ಬರೀ ಕೆಂಪು ಬಳಿದು ತೂಗುಹಾಕಿದ್ದರು, ಅದಕ್ಕೆ ಕಟ್ಟೇ ಇರಲಿಲ್ಲ. ಸಾಬರು ಅದರ ಮುಂದೆ ನಿಂತು ಲೊಚಗುಟ್ಟಿದರು. ‘ಪಾಪ, ಇಷ್ಟ್ ದೊಡ್ಡ ಊರಾಗ ಕಟ್ಟ ಹಾಕಾಂವ ಒಬ್ಬಾಂವ ಸಿಕ್ಕಿಲ್ಲ ನೋಡ್ರಿ’ ಎಂದು ಕಿಸೆಯಿಂದ ತಮ್ಮ ಅಂಗಡಿಯ ಕಾರ್ಡು ತೆಗೆದು ಮೇಜಿನ ಹಿಂದೆ ಕುಳಿತ ಹುಡುಗಿಗೆ ಕೊಟ್ಟೇಬಿಟ್ಟರು. ಅವಳು ಗಂಭೀರವಾಗಿ ತೆಗೆದುಕೊಂಡಳು. ಹೊರಗೆ ಬಂದ ಮೇಲೆ ಅವ್ವ ಸೆರಗು ಬಾಯಿಗೆ ಹಿಡಿದು ನಕ್ಕಳು. ಅವಳು ನಕ್ಕು ವರ್ಷಗಳೇ ಆಗಿದ್ದವು.

ಸಾಬರ ಅಂಗಡಿಯಲ್ಲಿ ಒಂದು ನೇಮವಿತ್ತು. ಯಾರೇ ಫೋಟೋ ತಂದರೂ ಅಳತೆ ತೆಗೆಯುವ ಮೊದಲು ದನಿ ತಗ್ಗಿಸಿ ಕೇಳುವರು: ‘ಹಾರಕ್ಕ ಕೊಂಡಿ ಹೊಡೀಲೇನ್ರಿ?’ ತೀರಿಕೊಂಡವರ ಫೋಟೋ ಆದರೆ ಕಟ್ಟಿನ ಮೇಲಂಚಿಗೆ ಎಡಕ್ಕೊಂದು ಬಲಕ್ಕೊಂದು ಹಿತ್ತಾಳೆಯ ಸಣ್ಣ ಕೊಂಡಿ, ಹಾರ ಸಿಕ್ಕಿಸಲು. ಬದುಕಿದ್ದವರಿಗೆ ಕೊಂಡಿ ಇಲ್ಲ. ಬಸ್ಸಿನಲ್ಲಿ ಸಾಬರೇ ಹೇಳಿದ್ದು: ಒಮ್ಮೆ ಇರಕಲ್ಲಗಡದ ಮುದುಕರೊಬ್ಬರು ತಮ್ಮದೇ ಫೋಟೋ ತಂದಿದ್ದರು. ‘ಹೊಡದಬಿಡೋ ಸಾಬಾ, ಆಮ್ಯಾಲ ನನ್ನ ಮಕ್ಕಳಿಗೆ ನೆನಪಾಗತೈತೋ ಇಲ್ಲೋ’ ಎಂದು ಹಟ ಹಿಡಿದರು. ಸಾಬರು ಎದ್ದು ನಿಂತು ಕೈಮುಗಿದರು. ‘ಅಜ್ಜಾರ, ಚಾ ಕುಡೀರಿ, ಊಟ ಮಾಡ್ರಿ, ಬೇಕಾದ್ದು ಕೇಳ್ರಿ. ಜೀವ ಇದ್ದಾವ್ರ ತಲಿ ಮ್ಯಾಲ ಕೊಂಡಿ ಹೊಡೀ ಅಂತ ಮಾತ್ರ ಅನಬ್ಯಾಡ್ರಿ. ನನ್ನ ಕೈ ಛಲೋ ಇಲ್ಲ.’ ಕೈ ಛಲೋ ಇಲ್ಲವೆಂದರೆ ಏನೆಂದು ಆಗ ನನಗೆ ತಿಳಿಯಲಿಲ್ಲ. ಇಷ್ಟು ಹಸನಾಗಿ ಕಟ್ಟು ಕೂಡಿಸುವ ಮನುಷ್ಯ ಹಾಗೇಕೆ ಅಂದರೋ ಎಂದು ಸುಮ್ಮನಾದೆ.

ನಾನು ಅವರ ಅಂಗಡಿಯ ಮೆಟ್ಟಿಲು ಹತ್ತಿದ್ದು ಅಣ್ಣನ ಫೋಟೋ ಹಿಡಿದುಕೊಂಡು.

ನಾವು ಹನುಮಸಾಗರದವರು. ಅಣ್ಣ ಶರಣು ಗಂಗಾವತಿಯ ಮಿಲ್ಲುಗಳಿಂದ ಅಕ್ಕಿ ಲಾರಿ ಓಡಿಸುತ್ತಿದ್ದ, ನನ್ನ ನೌಕರಿಯೂ ಅಲ್ಲೇ ಆದ್ದರಿಂದ ಮೂವರೂ ಅಲ್ಲೇ ಮನೆ ಮಾಡಿದ್ದೆವು. ಒಂದು ದಿನ ಸೊಲ್ಲಾಪುರದ ಆಚೆ ರಸ್ತೆ ಬದಿಯ ಢಾಬಾದ ಮುಂದೆ ಅವನ ಲಾರಿ ನಿಂತಿತ್ತು. ಕೀಲಿ ಅದರಲ್ಲೇ ಇತ್ತು, ಅಕ್ಕಿ ಇತ್ತು, ಅವನ ಟವೆಲ್ಲೂ ಸೀಟಿನ ಮೇಲಿತ್ತು. ಅವನಿರಲಿಲ್ಲ. ಪೊಲೀಸರು ಹುಡುಕಿದರು, ನಾವು ಹುಡುಕಿದೆವು, ಬಸ್ ಸ್ಟ್ಯಾಂಡುಗಳಲ್ಲೆಲ್ಲ ಕಾಗದ ಅಂಟಿಸಿದೆವು. ವರ್ಷ ಕಳೆದ ಮೇಲೆ ಕುಷ್ಟಗಿಯಿಂದ ಬಂದ ಸೋದರಮಾವ ಅಡುಗೆಮನೆಯ ಬಾಗಿಲಲ್ಲಿ ನಿಂತು, ‘ಇನ್ನೆಷ್ಟ ದಿನಾ ಹಿಂಗ? ಒಂದು ಫೋಟೋ ಮಾಡಸ್ರಿ, ಹಾರಾ ಹಾಕ್ರಿ, ಮನಿಗೊಂದು ಶಾಂತಿ ಆಗ್ಲಿ’ ಅಂದ. ಅವ್ವ ರೊಟ್ಟಿ ಬಡಿಯುತ್ತಲೇ ಇದ್ದಳು. ಅವಳಿಗೆ ಹೇಳದೆ ನಾನೇ ಅಣ್ಣನ ಮೊಬೈಲಿನ ಒಂದು ಫೋಟೋ ದೊಡ್ಡದು ಮಾಡಿಸಿ, ಸಾಬರ ಮುಂದಿಟ್ಟು, ಒಂದೂ ಮಾತಾಡದೆ ಬಂದೆ.

ನಾಲ್ಕು ದಿನದ ಮೇಲೆ ತರಲು ಹೋದಾಗ ಕಟ್ಟು ತಯಾರಿತ್ತು, ಕರಿಮರದ ಬಣ್ಣದ್ದು. ಸಾಬರು ಅದನ್ನು ಎದೆಗೆ ಒತ್ತಿ ಹಿಡಿದುಕೊಂಡಿದ್ದರು. ‘ಅಕ್ಕೋರ, ಹಾರಕ್ಕ ಕೊಂಡಿ ಹೊಡೀಲೇನ್ರಿ?’ ಎಂದು ಕೇಳಿದರು.

ನನ್ನ ಬಾಯಿಂದ ಹೌದು ಹೊರಡಲಿಲ್ಲ, ಇಲ್ಲ ಎನ್ನುವುದೂ ಆಗಲಿಲ್ಲ. ಕಟಕಟೆಯಲ್ಲಿ ನಿಲ್ಲಿಸಿ ಕೇಳಿದಂತಾಯಿತು. ಸಾಬರು ನನ್ನ ಮುಖ ನೋಡಿ, ‘ಇರ್ಲಿ ಬಿಡ್ರಿ, ನನ್ನ ಹಂತ್ಯಾಕ ಇರ್ಲಿ. ನಿಮಗ ಗೊತ್ತಾದ ದಿನ ಬರ್ರಿ’ ಎಂದು ಅಂಗಡಿಯ ಒಳಗೋಡೆಗೆ ತೂಗುಹಾಕಿದರು. ಎರಡು ವರ್ಷ ಅಣ್ಣ ಅಲ್ಲಿದ್ದ. ಶಾಲೆಗೆ ಹೋಗುವಾಗ ಬರುವಾಗ ಆ ಓಣಿ ತಪ್ಪಿಸಿ ನಡೆಯುತ್ತಿದ್ದೆ. ಆದರೂ ಬೆನ್ನಿಗೆ ಅವನ ಕಣ್ಣು ತಾಗುತ್ತಿದ್ದವು. ಮೊದಲ ವರ್ಷ ಮುಗಿಯುವಾಗ ಫೋಟೋದ, ಕೊಂಡಿಯ ಸಂಗತಿಯನ್ನೆಲ್ಲ ಅವ್ವನಿಗೆ ಹೇಳಿದೆ. ‘ಅಲ್ಲೇ ಇರ್ಲಿ’ ಅಂದಳು, ಅಷ್ಟೇ.

ಹೈದರಾಬಾದಿನ ಪ್ರಯಾಣ ಶುರುವಾದದ್ದು ಆಮೇಲೆ. ಬಸ್ಸಿನಲ್ಲಿ ಮೊದಲ ಸಲ ಅವ್ವನನ್ನು ಕಂಡಾಗ ಸಾಬರು ತಮ್ಮ ಕಿಟಕಿಯ ಸೀಟು ಬಿಟ್ಟುಕೊಟ್ಟು, ಆ ಇಡೀ ದಾರಿ ಅವಳ ಕಡೆ ತಿರುಗಿ ನೋಡಲಿಲ್ಲ.

ಆ ದಿನ ಅವ್ವನ ಕಣ್ಣಿಗೆ ಸೂಜಿ ಹಾಕಿಸಿ ಬಂದಿದ್ದೆವು. ವಸ್ತುಸಂಗ್ರಹಾಲಯದ ಕೋಣೆಗಳು ತಣ್ಣಗಿದ್ದವು, ಬೆಳಕು ಕಡಿಮೆ. ಅವ್ವನಿಗೆ ಎಲ್ಲವೂ ಮಂಜು ಮಂಜು. ಗೋಡೆಯ ಮೇಲಿನ ಮುಖಗಳು ಅವಳಿಗೆ ನಿಜವಾದ ಮಂದಿ ಸಾಲಾಗಿ ನಿಂತ ಹಾಗೆ ಕಂಡಿರಬೇಕು. ಚಪ್ಪಲಿ ಕಳೆದು ಕೈಯಲ್ಲಿ ಹಿಡಿದುಕೊಂಡಳು. ಒಬ್ಬೊಬ್ಬರ ಮುಂದೆಯೂ ನಿಂತು, ‘ಇವ್ರು ಯಾರಬೇ?’ ಎಂದು ಕೇಳುವಳು. ನಾನು ಕೆಳಗಿನ ಚೀಟಿ ಓದಿ ಹೇಳುವೆ: ಇವನು ದಿವಾನ, ಇವಳು ನರ್ತಕಿ, ಇವನು ಯಾವುದೋ ಕೋಟೆಯ ಸರದಾರ. ‘ಹೌದಾ, ಚಂದ ಅದಾರ’ ಎಂದು ತಲೆಯಾಡಿಸಿ ಮುಂದಿನವರ ಬಳಿ ಹೋಗುವಳು. ಸತ್ತವರ ಮನೆಗೆ ಹೋಗಿ ಒಬ್ಬೊಬ್ಬರನ್ನೇ ಮಾತಾಡಿಸಿದ ಹಾಗೆ ಇತ್ತು. ಬೇಗ ಹೊರಗೆ ಹೋಗೋಣವೆಂದು ಅವಳ ಮೊಣಕೈ ಎಳೆಯುತ್ತಿದ್ದೆ.

ಮೂಲೆಯಲ್ಲಿ ಒಬ್ಬ ತರುಣನ ಚಿತ್ರವಿತ್ತು. ಮಣಿಕಟ್ಟಿನ ಮೇಲೆ ಪಾರಿವಾಳ ಕೂಡಿಸಿಕೊಂಡು, ಈಗಷ್ಟೇ ಯಾರೋ ಕರೆದಂತೆ ಪಕ್ಕಕ್ಕೆ ತಿರುಗಿದ್ದ. ಅವ್ವ ನಿಂತಳು.

‘ಇಂವ?’

ನಾನು ಚೀಟಿ ಓದಿದೆ. ‘ತರುಣ ಅಂತಷ್ಟ ಬರದಾರ. ಹೆಸರು ತಿಳಿದಿಲ್ಲ.’

‘ಹೆಸರ ಗೊತ್ತಿಲ್ಲಂದ್ರ, ಇಂವ ಇಲ್ಲಿ ಅದಾನಂತ ಇವರವ್ವಗ ಯಾರ ಹೇಳಬೇಕು?’

ಸಾಬರು ಮುಂದೆ ಬಂದರು. ಎಂದಿನಂತೆ ಗೋಡೆಗೆ ಕೆನ್ನೆ ಹಚ್ಚಿ ಕಟ್ಟಿನ ಮೇಲಂಚನ್ನು ಬಹಳ ಹೊತ್ತು ನೋಡಿದರು. ‘ಕೊಂಡಿ ಇಲ್ಲ ಯವ್ವಾ’ ಅಂದರು.

‘ಇಂವಗಷ್ಟ ಇಲ್ಲೇನು?’

‘ಇಲ್ಲಿ ಒಬ್ಬರಿಗೂ ಇಲ್ಲ. ಎಲ್ಲಾರ್ನೂ ನೋಡೀನಿ. ಸುಮ್ನ ಗ್ವಾಡಿ ಮ್ಯಾಲ ಅದಾರ, ಅಷ್ಟ.’

ಅವ್ವ ಆ ತರುಣನನ್ನೇ ನೋಡುತ್ತ ನಿಂತಳು. ಎಷ್ಟು ಹೊತ್ತೆಂದರೆ ಕಾವಲಿನವನು ತನ್ನ ಸ್ಟೂಲು ತಂದು ಅವಳ ಹಿಂದೆ ಇಟ್ಟು ಹೋದ. ಆಮೇಲೆ ನನ್ನ ಕೈ ಹಿಡಿದು, ‘ಹಂಗಾರ ಕೊಂಡಿ ಇಲ್ಲದನೂ ಇರಬಹುದು. ಶರಣೂನ್ನ ಮನಿಗೆ ಕರಕೊಂಡು ಬಾ’ ಅಂದಳು. ಎರಡು ವರ್ಷ ನನ್ನಿಂದ ಆಗದೆ ಹೋದ ಉತ್ತರವನ್ನು ಮಬ್ಬುಗಣ್ಣಿನ ಅವ್ವ ಒಂದು ಪರವೂರಿನ ಗೋಡೆಯ ಮೇಲೆ ಓದಿಕೊಂಡಿದ್ದಳು. ನಾನು ಅಲ್ಲೇ ಅತ್ತೆ. ಸಾಬರು ಮಾತ್ರ ಹಿಗ್ಗಲಿಲ್ಲ. ಬಸ್ಸಿನಲ್ಲಿ ಕೊಟ್ಟ ಚಪಾತಿಯನ್ನೂ ಮುಟ್ಟಲಿಲ್ಲ. ಮರುದಿನ ಫೋಟೋ ಗೋಡೆಯಿಂದ ಇಳಿಸಿ ಕೊಡುವಾಗ ಕಟ್ಟಿನ ಮೇಲಂಚನ್ನು ಅಂಗಿಯ ತೋಳಿನಿಂದ ಮತ್ತೆ ಮತ್ತೆ ಒರೆಸಿದರು. ಧೂಳಿರಬೇಕು ಅಂದುಕೊಂಡೆ.

ಅಣ್ಣ ಮನೆಗೆ ಬಂದ. ತಲಬಾಗಿಲ ಎದುರಿನ ಗೋಡೆಗೆ, ಹಾರವಿಲ್ಲದೆ, ಕುಂಕುಮವಿಲ್ಲದೆ. ಅವ್ವ ದಿನಾ ಬೆಳಿಗ್ಗೆ ಸೆರಗಿನ ತುದಿಯಿಂದ ಆ ಕಟ್ಟು ಒರೆಸುವಳು, ಇಂದು ಏನು ಅಡುಗೆ ಎಂದು ಅವನಿಗೆ ಹೇಳುವಳು. ಸೋದರಮಾವ ಒಮ್ಮೆ ಬಂದು ನೋಡಿ, ನೀರೂ ಕುಡಿಯದೆ ಹೋದ.

ಮೂರು ವರ್ಷದ ಮೇಲೆ ಸಾಬರ ಮೂತ್ರಪಿಂಡಗಳು ಕೈಕೊಟ್ಟವು. ಒಂದು ಭಾನುವಾರ ನೋಡಲು ಹೋದೆ. ಅವರ ಮನೆ ನಮ್ಮ ಮನೆಯಿಂದ ಹತ್ತು ನಿಮಿಷದ ದಾರಿ. ಪಡಸಾಲೆಯ ಮಂಚದ ಮೇಲೆ ಮಲಗಿದ್ದವರು ನನ್ನನ್ನು ಕಂಡು ಎದ್ದು ಕುಳಿತು, ಹೆಂಡತಿಯನ್ನು ಚಹಾಕ್ಕೆಂದು ಒಳಗೆ ಕಳಿಸಿದರು.

‘ಅಕ್ಕೋರ, ಒಂದು ಮಾತೈತಿ. ನೀವು ಫೋಟೋ ಇಟ್ಟು ಹ್ವಾದ್ರಲ್ಲ, ಅವತ್ತು ನಾ ಏನೂ ಕೇಳಲಿಲ್ಲ. ನಿಮ್ಮ ಮಾರಿ ನೋಡಿ ತೀರಿಕೊಂಡಾರ ಅಂತ ತಿಳದೆ. ಕೊಂಡಿ ಹೊಡದಬಿಟ್ಟೆ. ಎರಡೂ.’

ಅವರು ಒಳಬಾಗಿಲ ಕಡೆ ಒಮ್ಮೆ ನೋಡಿ ಮುಂದುವರಿಸಿದರು.

‘ಎರಡ ದಿನ ಬಿಟ್ಟು ಚಾ ಕುಡ್ಯಾಕ ಹೊಂಟಾಗ ಬಸ್ ಸ್ಟ್ಯಾಂಡಿನ ಗ್ವಾಡಿ ಮ್ಯಾಲ ಅರ್ಧ ಹರದ ಹಳೇ ಕಾಗದ ನೋಡ್ತೀನಿ, ಅದ ಮಾರಿ. ಕಾಣೆಯಾಗಿದ್ದಾನೆ ಅಂತ ಬರದೈತಿ. ಯಾ ಅಲ್ಲಾ, ಓಡಿ ಬಂದು ಕಿತ್ತೆ. ತೂತಿಗೆ ಮರದ ಪುಡಿ, ಅಂಟು ಕಲಸಿ ತುಂಬಿ ಬಣ್ಣಾ ಹಚ್ಚಿದೆ. ಆಮ್ಯಾಲ ನಿಮಗ ಏನೂ ಅರೀದಾಂವನಂಗ ಕೊಂಡಿ ಹೊಡೀಲೇನು ಅಂತ ಕೇಳಿದೆ. ನಲವತ್ತು ವರ್ಷ ಆತು ಈ ಕೆಲಸಾ ಹಿಡದು. ನಾ ಹೊಡದ ಕೊಂಡಿ ಒಂದೂ ಸುಳ್ಳಾಗಿಲ್ಲ. ಅದ ನನಗ ಅಂಜಿಕಿ.’

‘ಹಂಗೆಲ್ಲ ಇರೂದಿಲ್ಲ ಕಾಕಾ’ ಅಂದೆ. ನನ್ನ ದನಿ ನನಗೇ ಸುಳ್ಳೆನಿಸಿತು.

‘ಅಷ್ಟೂ ಮ್ಯೂಜಿಯಂ ತಿರಗೀನಿ. ಯಾವ್ದರೆ ಒಂದು ಕಟ್ಟಿನ ಮ್ಯಾಲ ಕೊಂಡಿ ಕಿತ್ತ ಗುರ್ತು ಸಿಗತೈತೇನು ಅಂತ. ಹೊಡದ ಮ್ಯಾಲ ತಿರುಗಿ ಬಂದಾಂವ ಒಬ್ಬಾಂವರೆ ಇರಬೇಕಲ್ಲ. ಸಿಗಲಿಲ್ಲ.’ ಅವರು ನನ್ನ ಕೈ ಹಿಡಿದುಕೊಂಡರು. ‘ಯವ್ವಗ ಹೇಳ್ರಿ. ಬೈದ್ರ ಬೈಲಿ. ಏನಂತಾರ ಕೇಳ್ಕೊಂಡು ಬಂದು ನನಗ ಹೇಳ್ರಿ.’

ನಾಳೆಯೇ ಹೇಳುತ್ತೇನೆಂದು ಮಾತು ಕೊಟ್ಟು ಬಂದೆ.

ನಾಳೆ ಆಗಲಿಲ್ಲ. ಬೆಳಿಗ್ಗೆ ಅವ್ವ ಕಟ್ಟು ಒರೆಸುತ್ತ ಅವನೊಂದಿಗೆ ಮಾತಾಡುವುದನ್ನು ಕಂಡರೆ ನನ್ನ ನಾಲಿಗೆ ಏಳುತ್ತಿರಲಿಲ್ಲ. ಮಗನ ತಲೆಯ ಮೇಲೆ ಒಮ್ಮೆ ಕೊಂಡಿ ಹೊಡೆದಾಗಿತ್ತು ಎಂದು ಯಾವ ಬಾಯಿಂದ ಹೇಳಲಿ? ಶಾಲೆಯಲ್ಲಿ ಪರೀಕ್ಷೆ, ಆಮೇಲೆ ತಪಾಸಣೆ, ಆಮೇಲೆ ನನಗೇ ನೆಗಡಿ. ನೆಪಗಳಿಗೇನು ಬರ. ಹೀಗೆ ಹನ್ನೊಂದು ದಿನ ಕಳೆದವು. ಹನ್ನೆರಡನೆಯ ಬೆಳಿಗ್ಗೆ ಅವಳ ಬೆನ್ನ ಹಿಂದೆ ನಿಂತು, ನೆಲ ನೋಡುತ್ತ, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿಬಿಟ್ಟೆ.

ಅವ್ವ ಒರೆಸುವುದನ್ನು ನಿಲ್ಲಿಸಲಿಲ್ಲ.

‘ಗೊತ್ತೈತಿ ಬಿಡು. ಫೋಟೋ ಮನಿಗೆ ತಂದ ದಿನಾನ ಬೆರಳಿಗೆ ಹತ್ತಿತ್ತು. ಮಂಜಾಗಿದ್ದು ನನ್ನ ಕಣ್ಣು, ಕೈಯಲ್ಲ. ಹೊಡ್ಯಾಕ ನಿಮ್ಮ ಮಾವ ನಿಂತಿದ್ದ, ಊರ ನಿಂತಿತ್ತು. ಹೊಡದದ್ದನ್ನ ಕಿತ್ತಾಂವ ಸಾಬಣ್ಣ ಒಬ್ಬನ. ಆ ಮುಚ್ಚಿದ ತೂತಿನ ಮ್ಯಾಲ ದಿನಾ ಬೆರಳ ಆಡಸ್ತೀನಿ ನಾನು, ಅದರ ಮ್ಯಾಲ ಜೀವಾ ಹಿಡಕೊಂಡೀನಿ ಅಂತ ಹೇಳು ಹೋಗು. ಮದಲ ಹೋಗು.’

ಚಹಾ ಕೂಡ ಕುಡಿಯದೆ ಓಡಿದೆ. ಅವರ ಮನೆಯ ಮುಂದೆ ಪೆಂಡಾಲು ಹಾಕಿ ಕುರ್ಚಿ ಇಡುತ್ತಿದ್ದರು. ನಸುಕಿನ ನಮಾಜಿನ ಹೊತ್ತಿಗೆ ಹೋದರಂತೆ. ಹೆಣ್ಣುಮಕ್ಕಳ ನಡುವೆ ಕುಳಿತಿದ್ದ ಅವರ ಹೆಂಡತಿ ನನ್ನನ್ನು ಕಂಡು ಕೈ ಚಾಚಿದರು. ‘ದಿನಾ ಕೇಳ್ತಿದ್ರು ಬೇಟಿ, ಅಕ್ಕೋರು ಬಂದ್ರೇನು ಅಂತ. ನಿನ್ನಿ ಸಂಜೀಕೂ ಕೇಳಿದ್ರು. ಏನಿತ್ತು?’

ಅವ್ವ ಹೇಳಿದ್ದನ್ನು ಒಂದಕ್ಷರ ಬಿಡದೆ ಅವರ ಕಿವಿಯಲ್ಲಿ ಹೇಳಿದೆ. ಅವರು ತಲೆಯಾಡಿಸಿದರು, ನನ್ನ ಭುಜಕ್ಕೆ ಹಣೆ ಒತ್ತಿ ಅತ್ತರು. ಒಳಗೆ ಸಾಬರನ್ನು ಮೀಯಿಸುವ ಸಿದ್ಧತೆ ನಡೆದಿತ್ತು. ಅವರು ಕಾದು ಕೂತಿದ್ದ ಆ ಉತ್ತರ ಹನ್ನೊಂದು ದಿನವೂ ನಮ್ಮ ಮನೆಯಲ್ಲೇ ಇತ್ತು. ನಾನು ಕೇಳಿರಲಿಲ್ಲ.