ಮೂತಿ ಕೆಳಗಾದ ಸಿರಿಂಜು

ಔಷಧಿ ಅಂಗಡಿಯವನಿಗೆ ಗೆರೆಯಕ್ಕನನ್ನು ಕಂಡರೆ ಒಂದು ಬಗೆಯ ಅಂಜಿಕೆ. ಬಂದವಳು ಡಜನ್ ಸಿರಿಂಜು ಹೊರಗೆ ತೆಗೆಸಿ, ಒಂದೊಂದನ್ನೂ ಕಿವಿಯ ಹತ್ತಿರ ಹಿಡಿದು, ಹೆಬ್ಬೆರಳಿನಿಂದ ಮೆಲ್ಲಗೆ ತಳ್ಳಿ ನೋಡಿ, ಹನ್ನೊಂದನ್ನು ವಾಪಸ್ ಕೊಡುತ್ತಿದ್ದಳು. ಕೊನೆಗೆ ಅವನೇ ದಾರಿ ಕಂಡುಕೊಂಡ. ಅವಧಿ ಮುಗಿದ ಸಿರಿಂಜುಗಳನ್ನೆಲ್ಲ ಒಂದು ಡಬ್ಬಕ್ಕೆ ಹಾಕಿ ಅವಳಿಗೆಂದೇ ಎತ್ತಿಟ್ಟ. ಮೊದಲ ಸಲ ಬಂದಾಗ “ಇಂಜೆಕ್ಷನ್ ಯಾರಿಗಮ್ಮ?” ಎಂದು ಕೇಳಿದ್ದಕ್ಕೆ “ತಟ್ಟೆಗೆ” ಎಂದಿದ್ದಳು. ಅವತ್ತಿನಿಂದ ಅವನು ಏನನ್ನೂ ಕೇಳಿದವನಲ್ಲ.

ಸುಳ್ಳೇನೂ ಹೇಳಿರಲಿಲ್ಲ. ಪಿಂಗಾಣಿ ಕಾರ್ಖಾನೆಯಲ್ಲಿ ತಟ್ಟೆಯ ಅಂಚಿಗೆ ಉಬ್ಬು ಗೆರೆ ಎಳೆಯುವುದು ಅವಳ ಕೆಲಸ. ನುಣ್ಣಗೆ ಅರೆದ ಮಣ್ಣಿಗೆ ಒಂದಿಷ್ಟು ಕಲ್ಲಿನ ಪುಡಿ ಸೇರಿಸಿ ಕಲಸಿದ ಗಟ್ಟಿ ಬಗ್ಗಡವನ್ನು ಸಿರಿಂಜಿಗೆ ತುಂಬಿ, ತಿರುಗುವ ತಟ್ಟೆಯ ಮೇಲೆ ಒಂದೇ ಉಸಿರಿನಲ್ಲಿ ಸುತ್ತು ಹಾಕಬೇಕು. ಗೆರೆ ಎಲ್ಲೂ ತುಂಡಾಗಬಾರದು, ಎಲ್ಲೂ ಗಂಟು ಕಟ್ಟಬಾರದು. ಇಪ್ಪತ್ತೆರಡು ವರ್ಷ ಅದನ್ನೇ ಮಾಡಿ ಅವಳಿಗೆ ಆ ಹೆಸರು ಬಂದಿತ್ತು. ಸ್ವಂತ ಹೆಸರು ಹಿಡಿದು ಕರೆದರೆ ತಿರುಗಿ ನೋಡುವುದನ್ನೂ ಮರೆತಿದ್ದಳು.

ಗಟ್ಟಿ ಬಗ್ಗಡಕ್ಕೆ ದೊಡ್ಡ ಸಿರಿಂಜೇ ಬೇಕು ಎಂದು ಹೊಸಬರೆಲ್ಲ ದಪ್ಪನೆಯದಕ್ಕೆ ಕೈ ಹಾಕುತ್ತಾರೆ. ಗೆರೆಯಕ್ಕ ನಗುತ್ತಿದ್ದಳು. ಕೊಳವೆ ದಪ್ಪವಾದಷ್ಟೂ ಹೆಬ್ಬೆರಳಿಗೆ ಹೆಚ್ಚು ಶಕ್ತಿ ಬೇಕು, ಮಧ್ಯಾಹ್ನದ ಹೊತ್ತಿಗೆ ಕೈ ಸೋತು ಹೋಗುತ್ತದೆ. ಸಪೂರ ಕೊಳವೆ, ಅಗಲ ಬಾಯಿ, ಗಿಡ್ಡ ಮೂತಿ: ಅವಳಿಗೆ ಬೇಕಾದದ್ದು ಇದು. ಎಲ್ಲಕ್ಕಿಂತ ಮುಖ್ಯ, ಒಳಗಿನ ರಬ್ಬರು. ಮೆಲ್ಲಗೆ ತಳ್ಳಿದಾಗ ಮೊದಲು ಅಂಟಿಕೊಂಡು ಆಮೇಲೆ ‘ಟಕ್’ ಎಂದು ಎಗರಿದರೆ ಅದು ಗೆರೆಯ ಮಧ್ಯೆ ಬೊಟ್ಟು ಕಕ್ಕುವುದು ಖಂಡಿತ. ಸದ್ದಿಲ್ಲದೆ ಸರಿದರೆ ಮಾತ್ರ ಮನೆಗೆ ತರಬೇಕು.

ಇದನ್ನೆಲ್ಲ ಅವಳು ಕಲಿಸಿದ್ದು ಒಬ್ಬಳಿಗೇ, ತನ್ನ ನಾದಿನಿಗೆ. ಗಂಡನ ಮನೆ ಬೇಡವೆಂದು ಒಂದು ಪೆಟ್ಟಿಗೆ ಹಿಡಿದು ಬಂದವಳನ್ನು ಅಣ್ಣನೆನಿಸಿಕೊಂಡವನು ಬಾಗಿಲಲ್ಲೇ ನಿಲ್ಲಿಸಿ ಮೀನಮೇಷ ಎಣಿಸುತ್ತಿದ್ದಾಗ, ಪೆಟ್ಟಿಗೆ ಕಿತ್ತುಕೊಂಡು ಒಳಗೆ ಇಟ್ಟವಳು ಗೆರೆಯಕ್ಕ. ವಾರ ಕಳೆಯುವುದರೊಳಗೆ ಕಾರ್ಖಾನೆಯ ಯಜಮಾನರ ಕೈಕಾಲು ಹಿಡಿದು ತನ್ನ ಪಕ್ಕದ ಬೆಂಚಿನಲ್ಲಿ ಕೂರಿಸಿಕೊಂಡಳು.

“ತುಂಬಿದ ಸಿರಿಂಜನ್ನ ಯಾವತ್ತೂ ಮಲಗಿಸಿ ಇಡ್ಬೇಕು ಕಣೇ,” ಎಂದು ಮೊದಲ ದಿನವೇ ಹೇಳಿಕೊಟ್ಟಿದ್ದಳು. “ಮೂತಿ ಕೆಳಗೆ ಮಾಡಿ ನಿಲ್ಸಿದ್ರೆ ಗಟ್ಟಿಯೆಲ್ಲ ಬಾಯಿಗೆ ಬಂದು ಕೂತ್ಕೊಳ್ಳುತ್ತೆ, ನೀರು ಹಿಂದಕ್ಕೆ ಹೋಗುತ್ತೆ. ಆಮೇಲೆ ದೇವರು ಬಂದ್ರೂ ಗೆರೆ ಬರಲ್ಲ.”

“ಇದೆಲ್ಲ ನಿಮಗೆ ಯಾರು ಹೇಳಿಕೊಟ್ರು ಅತ್ತಿಗೆ?”

“ಹಾಳಾದ ತಟ್ಟೆಗಳು.”

ನಾಲ್ಕು ವರ್ಷ ಇಬ್ಬರೂ ಒಂದೇ ಕಿಟಕಿಯ ಬೆಳಕಿನಲ್ಲಿ ಕೂತರು. ಆಮೇಲೆ ಉಬ್ಬು ಗೆರೆಯ ತಟ್ಟೆಗೆ ಗಿರಾಕಿ ಕಡಿಮೆಯಾಯಿತು. ಗೆರೆಗೆ ಒಬ್ಬರು ಸಾಕು, ಇನ್ನೊಬ್ಬರು ಉಜ್ಜುವ ಕೋಣೆಗೆ ಹೋಗಲಿ ಎಂದರು ಯಜಮಾನರು. ಉಜ್ಜುವ ಕೋಣೆಯೆಂದರೆ ಒಣಗಿದ ಪಾತ್ರೆಗೆ ದಿನವಿಡೀ ಮರಳು ಕಾಗದ ತಿಕ್ಕುತ್ತ, ಮೂಗಿಗೆ ಬಟ್ಟೆ ಕಟ್ಟಿಕೊಂಡು ಬಿಳಿ ದೂಳಿನಲ್ಲಿ ಕೂರುವುದು. ಅಲ್ಲಿಗೆ ಹೋದವರು ಗೆರೆಗೆ ಮರಳಿದ್ದಿಲ್ಲ. ಗುರುವಾರ ಊಟದ ನಂತರ ಇಬ್ಬರೂ ಒಂದೊಂದು ತಟ್ಟೆ ಬರೆಯಬೇಕು, ಯಾರದು ಚೆನ್ನಾಗಿದೆಯೋ ಅವರು ಉಳಿಯುತ್ತಾರೆ ಎಂದು ತೀರ್ಮಾನವಾಯಿತು.

ಅದಕ್ಕೆಂದು ಗೆರೆಯಕ್ಕ ಹೊಸ ಸಿರಿಂಜು ತಂದಳು. ಡಬ್ಬದಲ್ಲಿ ಒಳ್ಳೆಯವು ಸಿಕ್ಕಿದ್ದು ಎರಡೇ. ಅವುಗಳಲ್ಲೂ ಒಂದು ಬೆಣ್ಣೆಯಲ್ಲಿ ಬೆರಳಿಟ್ಟಂತೆ ಸರಿಯುತ್ತಿತ್ತು. ಅದನ್ನು ನಾದಿನಿಗೆ ಕೊಟ್ಟಳು.

“ಇದು ನಿಮಗಿರ್ಲಿ ಅತ್ತಿಗೆ.”

“ಸುಮ್ನೆ ತಗೋ. ನಿನ್ ಕೈ ಇನ್ನೂ ಹೊಸದು. ಯಾರು ಉಳಿದ್ರೂ ನಮ್ಮನೆಯವರೇ ತಾನೆ?”

ಇಂಥ ಮಾತಾಡುವವರನ್ನು ಲೋಕ ಒಳ್ಳೆಯವರು ಎನ್ನುತ್ತದೆ. ಪೆದ್ದರು ಎಂದು ಹೇಳಲು ನಾಲಿಗೆ ಬರುವುದಿಲ್ಲ, ಅಷ್ಟೆ.

ಗುರುವಾರ ಬೆಳಿಗ್ಗೆ ಇಬ್ಬರೂ ಬಗ್ಗಡ ತುಂಬಿ, ತಮ್ಮ ತಮ್ಮ ಸಿರಿಂಜನ್ನು ಒದ್ದೆ ಬಟ್ಟೆಯಡಿ ಮಲಗಿಸಿಟ್ಟರು. ಊಟದ ಗಂಟೆ ಹೊಡೆದಾಗ ನಾದಿನಿ ಏಳಲಿಲ್ಲ. “ಹೊಟ್ಟೆ ಸರಿಯಿಲ್ಲ, ನೀವು ಹೋಗಿ ಬನ್ನಿ,” ಎಂದಳು. ಪಾಪ, ಹೆದರಿದ್ದಾಳೆ ಎಂದುಕೊಂಡ ಗೆರೆಯಕ್ಕ ತನ್ನ ಬುತ್ತಿಯಲ್ಲಿ ಅರ್ಧ ಉಳಿಸಿ ತಂದಳು. ಒಂದು ಗಂಟೆಯ ಬಿಡುವು ಮುಗಿದಿತ್ತು. ಸಿರಿಂಜುಗಳು ಇಟ್ಟ ಹಾಗೇ ಮಲಗಿದ್ದವು.

ಮೊದಲು ನಾದಿನಿ ಬರೆದಳು. ಗೆರೆ ಸೊಗಸಾಗಿ ಬಂತು. ಗೆರೆಯಕ್ಕನಿಗೇ ಹೆಮ್ಮೆಯಾಯಿತು.

ಆಮೇಲೆ ಇವಳ ಸರದಿ. ಅಭ್ಯಾಸದಂತೆ ಸಿರಿಂಜನ್ನು ಅಂಗೈಗಳ ನಡುವೆ ಉರುಳಿಸಿ, ತಟ್ಟೆ ತಿರುಗಿಸಿ, ಹೆಬ್ಬೆರಳು ಒತ್ತಿದಳು. ಒಂದು ಹನಿ ತೆಳು ನೀರು ಒಸರಿತು. ಆಮೇಲೆ ಏನೂ ಬರಲಿಲ್ಲ. ಇನ್ನಷ್ಟು ಒತ್ತಿದಳು. ಹಲ್ಲು ಕಚ್ಚಿ ಒತ್ತಿದಾಗ ಒಂದು ಉಂಡೆ ಸಿಡಿದು ತಟ್ಟೆಯ ನಡುವೆ ಬಿತ್ತು, ಅದರ ಹಿಂದೆಯೇ ಬರೀ ನೀರು ಸುರಿಯಿತು.

ಯಜಮಾನರು ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. “ವಯಸ್ಸಾಯ್ತು ಅಕ್ಕ, ಕೈ ಸೋತಿದೆ. ಬೇಜಾರು ಮಾಡ್ಕೋಬೇಡಿ,” ಎಂದು ಹೊರಟು ಹೋದರು.

ಕೈ ಸೋತರೆ ಗೆರೆ ನಡುಗುತ್ತದೆ, ನೀರು ಬರುವುದಿಲ್ಲ. ಅವಳು ಸಿರಿಂಜಿನ ಹಿಂಭಾಗ ಕಳಚಿ ನೋಡಿದಳು. ರಬ್ಬರಿಗೆ ಅಂಟಿ ನೀರಿನ ಪಸೆ, ಬಾಯಿಯ ಹತ್ತಿರ ಕಲ್ಲಿನಂತೆ ಕೂತ ಗಸಿ. ಇದು ಮಲಗಿದ ಸಿರಿಂಜಿನ ಗುಣವಲ್ಲ. ಕಣ್ಣು ತಾನಾಗಿಯೇ ನಾದಿನಿಯ ಬೆಂಚಿನ ಕಡೆ ಹೋಯಿತು. ಕುಂಚ ನಿಲ್ಲಿಸುವ ಲೋಟ ಅಲ್ಲಿತ್ತು. ಅದರಲ್ಲಿ ಕುಂಚಗಳಿರಲಿಲ್ಲ. ತಳದಲ್ಲಿ ಕಾಳಿನಷ್ಟು ಹಸಿ ಬಗ್ಗಡ, ಅದರ ನಡುವೆ ಮೂತಿಯ ದುಂಡನೆಯ ಗುರುತು.

ಇಡೀ ಕಾರ್ಖಾನೆಯಲ್ಲಿ ಬೇರೆ ಯಾರಿಗೂ ಮೂತಿ ಕೆಳಗಾದರೆ ಹೀಗಾಗುತ್ತದೆಂದು ಗೊತ್ತಿಲ್ಲ. ಯಜಮಾನರಿಗೂ ಗೊತ್ತಿಲ್ಲ. ಗೊತ್ತಿದ್ದವಳು ಒಬ್ಬಳೇ, ಗೊತ್ತು ಮಾಡಿಸಿದವಳು ತಾನೇ. ಬೇರೆಯವರು ಸಿರಿಂಜು ಒಡೆದು ಹಾಕಿದ್ದರೂ ಇಷ್ಟು ನೋಯುತ್ತಿರಲಿಲ್ಲ. ನಾದಿನಿ ತಲೆ ಬಗ್ಗಿಸಿ ಕುಂಚ ತೊಳೆಯುತ್ತಿದ್ದಳು. ಆ ಕುಂಚಗಳನ್ನು ಅವಳು ಅವತ್ತು ಬಳಸಿಯೇ ಇರಲಿಲ್ಲ.

ಸಂಜೆ ಗಂಡನಿಗೆ ಹೇಳಿದಳು. ಅವನು ಚಪ್ಪಲಿಯ ಬಾರು ಸರಿಮಾಡುತ್ತಲೇ ಕೇಳಿಸಿಕೊಂಡು, “ನನ್ ತಂಗಿ ಅಂಥವಳಲ್ಲ. ಸೋತಿದ್ದಕ್ಕೆ ಏನೇನೋ ಕಲ್ಪಿಸ್ಕೋಬೇಡ,” ಎಂದ. ಬಾಗಿಲಲ್ಲಿ ನಿಲ್ಲಿಸಿದ್ದ ಅಣ್ಣನಿಗೆ ಈಗ ತಂಗಿಯ ಮೇಲೆ ಎಲ್ಲಿಲ್ಲದ ನಂಬಿಕೆ. ಅಲ್ಲಿಗೆ ಗೆರೆಯಕ್ಕ ತುಟಿ ಹೊಲಿದುಕೊಂಡಳು. ಮರುದಿನ ಮೂಗಿಗೆ ಬಟ್ಟೆ ಕಟ್ಟಿ ಉಜ್ಜುವ ಕೋಣೆಗೆ ಹೋದಳು.

ಏಳು ತಿಂಗಳು ಒಂದೇ ಮನೆ, ಒಂದೇ ಒಲೆ. ಉಪ್ಪು ಕೊಡು, ಬಾಗಿಲು ಹಾಕು ಎನ್ನುವಷ್ಟು ಮಾತು. ಒಂದು ಭಾನುವಾರ ನಾದಿನಿ ಅವಳ ಮುಂದೆ ಬಂದು ನಿಂತಳು.

“ಅತ್ತಿಗೆ, ನನ್ ಸಿರಿಂಜು ಹಳೇದಾಯ್ತು, ಎಗರ್ತಿದೆ. ನಾಳೆ ದೊಡ್ಡ ಕೆಲಸ ಇದೆ. ಒಂದು ಆರಿಸಿಕೊಡ್ತೀರಾ?”

ಕೇಳಲು ಬಾಯಾದರೂ ಹೇಗೆ ಬಂತೋ! ಗೆರೆಯಕ್ಕ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಚಪ್ಪಲಿ ಮೆಟ್ಟಿಕೊಂಡು ಔಷಧಿ ಅಂಗಡಿಗೆ ಹೊರಟಳು. ನಾದಿನಿ ಹಿಂದೆಯೇ ನಡೆದಳು.

ಅಂಗಡಿಯವನು ಡಬ್ಬ ತಂದಿಟ್ಟ. ಮರಳು ಕಾಗದ ತಿಕ್ಕಿ ತಿಕ್ಕಿ ಒರಟಾಗಿದ್ದ ಹೆಬ್ಬೆರಳು ಏನನ್ನೂ ಮರೆತಿರಲಿಲ್ಲ. ಎಂಟನೆಯದು ಸದ್ದಿಲ್ಲದೆ ಸರಿಯಿತು.

“ತಗೋ. ಇಡೀ ಡಬ್ಬದಲ್ಲಿ ಇದೇ ಒಳ್ಳೇದು.”

ನಾದಿನಿ ಕೈ ಚಾಚಿದಳು. ಚಾಚಿದ ಕೈ ಅರ್ಧಕ್ಕೇ ನಿಂತಿತು.

“ನಿಜವಾಗ್ಲೂ?”

“ಮೂತಿ ಕೆಳಗೆ ಮಾಡಿ ಲೋಟದಲ್ಲಿ ನಿಲ್ಸಬೇಡ, ಅಷ್ಟೆ.”

ನಾದಿನಿಯ ಮುಖ ಬಿಳಿಚಿಕೊಂಡಿತು. ಆ ಸಿರಿಂಜನ್ನು ಮುಟ್ಟಲಿಲ್ಲ. ತಾನೇ ಡಬ್ಬಕ್ಕೆ ಕೈ ಹಾಕಿ ಬೇರೊಂದು ತೆಗೆದು, ತಳ್ಳಿ ನೋಡಿದಳು.

ಟಕ್.

ಗಾಬರಿಯಲ್ಲಿದ್ದ ನಾದಿನಿಗೆ ಅದು ಕೇಳಿಸಲಿಲ್ಲ. ಅಂಗಡಿಯವನಿಗೂ ಕೇಳಿಸಿತು, ಇಷ್ಟು ವರ್ಷದಲ್ಲಿ ಅವನೂ ಆ ಸದ್ದನ್ನು ಕಲಿತಿದ್ದ. ಈಗ ವಾಪಸ್ ಬರುತ್ತದೆಂದು ಕೈ ಚಾಚಿ ಗೆರೆಯಕ್ಕನ ಮುಖ ನೋಡಿದ.

“ಅದನ್ನೇ ಕಟ್ಟಿಕೊಡಿ,” ಎಂದಳು ಗೆರೆಯಕ್ಕ.