ಸ್ಟೇರಿಂಗಿಗೆ ಹಚ್ಚಿದ ಪೌಡರ್

ಮೊನ್ನೆ ಕಪಾಟಿನ ಮೇಲಿನ ಅರೆ ಒರೆಸುವಾಗ ಹಳೆಯ ಪೌಡರ್ ಡಬ್ಬಿಯೊಂದು ಕೈಗೆ ಸಿಕ್ಕಿತು. ಮುಚ್ಚಳ ತೆಗೆದೆ. ಮಲ್ಲಿಗೆಯ ವಾಸನೆ ಮಾಸಿತ್ತು, ಅದರಡಿಯಲ್ಲಿ ಸಣ್ಣಗೆ ಎಣ್ಣೆಯ ಕಮಟು. ಡಬ್ಬಿಯ ಮೈಮೇಲೆ ಕಪ್ಪು ಹೆಬ್ಬೆಟ್ಟಿನ ಗುರುತು ಹಾಗೇ ಇತ್ತು. ಅದು ಪಕ್ಕದ ಶೆಡ್ಡಿನ ಗಾಡಿ ರಿಪೇರಿ ಮೇಸ್ತ್ರಿಯದು…

ಚಳ್ಳಕೆರೆಯ ಎಣ್ಣೆ ಮಿಲ್ಲುಗಳ ಹಿಂದಿನ ಓಣಿಯಲ್ಲಿ ನಮ್ಮ ಮನೆ. ಗೋಡೆಗೆ ತಗುಲಿಕೊಂಡೇ ಅವರ ತಗಡಿನ ಶೆಡ್ಡು. ತಮ್ಮವರೊಡನೆ ಉರ್ದು, ನಮ್ಮೊಡನೆ ಕನ್ನಡ, ಮೊಳಕಾಲ್ಮೂರು ಕಡೆಯ ಗಿರಾಕಿ ಬಂದರೆ ತೆಲುಗು. ಹೆಂಡತಿ ತೀರಿಹೋದ ಮೇಲೆ ಒಬ್ಬರೇ ಇದ್ದರು. ಮಧ್ಯಾಹ್ನ ಅವರು ಸ್ಟೌವಿಗೆ ಪಂಪ್ ಹೊಡೆಯುವ ಸದ್ದು ನನ್ನ ಅಡುಗೆಮನೆಗೆ ಕೇಳುತ್ತಿತ್ತು.

ನಮ್ಮವರು ಬಾಡಿಗೆ ಕಾರು ಓಡಿಸುತ್ತಿದ್ದರು. ಮದುವೆಯ ರೇಷ್ಮೆ ಸೀರೆ ತರಲು ಮೊಳಕಾಲ್ಮೂರಿಗೆ ಹೋಗುವವರೇ ಹೆಚ್ಚು. ಒಮ್ಮೆ ಮಿಲ್ಲಿನ ಮೆಟ್ಟಿಲಲ್ಲಿ ಜಾರಿ ಬಲಭುಜಕ್ಕೆ ಪೆಟ್ಟಾಯಿತು. ಹಳೆಯ ಗಾಡಿಯ ಸ್ಟೇರಿಂಗ್ ಎಳೆಯಲಾಗದೆ ಅದನ್ನು ಮಾರಿ, ಪವರ್ ಸ್ಟೇರಿಂಗಿನ ಸೆಕೆಂಡ್ ಹ್ಯಾಂಡ್ ಕಾರು ತಂದರು. ನಮ್ಮ ಓಣಿಗೆ ಅಂಥದು ಅದೇ ಮೊದಲು. "ಒಂದು ಬೆರಳು ಸಾಕು ಕಣೇ" ಎಂದು ನನ್ನನ್ನು ಕೂರಿಸಿಕೊಂಡು ಹತ್ತಿರದ ನನ್ನಿವಾಳ ಹಳ್ಳಿಯವರೆಗೂ ಹೋಗಿ ಬಂದರು.

ಕೆಲವು ವರ್ಷಗಳಾದ ಮೇಲೆ ಆ ಸ್ಟೇರಿಂಗೂ ಬಿಗಿಯಾಯಿತು. ತಿರುಗಿಸಿದರೆ ಕರು ನರಳಿದ ಹಾಗೆ ಸದ್ದು. ಬಂದ ಬಾಡಿಗೆ ಒಲ್ಲೆನೆಂದು ಮನೆಯಲ್ಲೇ ಕೂತರು. ಈ ಗಾಡಿ ಆಗದಿದ್ದರೆ ಅವರಿಗೆ ಇನ್ನಾವ ಗಾಡಿಯೂ ಆಗದೆಂದು ಇಬ್ಬರಿಗೂ ಗೊತ್ತಿತ್ತು.

ಮೇಸ್ತ್ರಿ ಬಾನೆಟ್ ಎತ್ತಿ, ಸ್ಟೇರಿಂಗಿನ ಎಣ್ಣೆ ನಿಲ್ಲುವ ಪುಟ್ಟ ಡಬ್ಬಿಯಲ್ಲಿ ಬೆರಳದ್ದಿ ಮೂಸಿ ನೋಡಿದರು.

"ಅಣ್ಣಾ, ಇದ್ರಾಗೆ ಏನ್ ಹಾಕಿದ್ರಿ?"

"ಎಣ್ಣೆ ಕಮ್ಮಿ ಆಗಿತ್ತು, ಹಾಕ್ದೆ. ಕಡ್ಲೆಕಾಯಿ ಎಣ್ಣೆ. ಗಾಣದ್ದೇ ಐತೆ, ಒಳ್ಳೇದು."

"ಒಳ್ಳೇದೇ ಬಿಡ್ರಿ. ಅಕ್ಕಾ, ಒಂದೀಟು ಈರುಳ್ಳಿ ಹೆಚ್ಕಂಡು ಬರ್ರಿ, ಬೋಂಡ ಬಿಡಾನ."

ನಮ್ಮವರೂ ನಕ್ಕರು. ಎಷ್ಟೋ ದಿನವಾಗಿತ್ತು ಅವರು ನಕ್ಕು.

ಆ ಎಣ್ಣೆಯನ್ನೆಲ್ಲ ಬಸಿದು, ತೊಳೆದು, ಅದಕ್ಕೆಂದೇ ಬರುವ ಕೆಂಪು ಎಣ್ಣೆ ತುಂಬಿದ್ದಾಯಿತು. ಆದರೆ ಅದು ಎಲ್ಲಿಂದ ಸೋರುತ್ತಿದೆ ಎಂಬುದು ತಿಳಿಯಬೇಕಲ್ಲ. ಬೇರೆ ಊರಾದರೆ ಕಾರಿನಡಿಯ ನೆಲ ನೋಡಿದರೆ ಸಾಕು. ನಮ್ಮ ಓಣಿಯ ನೆಲದ ತುಂಬ ಮಿಲ್ಲಿನ ಡಬ್ಬಗಳು ಚೆಲ್ಲಿದ ಕಲೆಗಳೇ. ಮೇಸ್ತ್ರಿ ಒಂದೊಂದು ಪೈಪನ್ನೂ ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿ, ಒಣಗಿಸಿ, "ಅಕ್ಕಾ, ನಿಮ್ ಪೌಡರ್ ಡಬ್ಬಿ ಕೊಡ್ರಿ" ಎಂದರು.

"ಎಲ್ಲಿಗೆ ಹೊಂಟ್ರಿ ಸಿಂಗಾರ ಮಾಡ್ಕಂಡು?"

"ನಾನಲ್ಲ, ಗಾಡಿ. ನೋಡಾಕೆ ಗಂಡು ಬರ್ತೈತೆ."

ಪೈಪುಗಳಿಗೆಲ್ಲ ಬೆಳ್ಳಗೆ ಪೌಡರ್ ಹಚ್ಚಿ, ಇಂಜಿನ್ ಚಾಲೂ ಮಾಡಿಸಿ, ಸ್ಟೇರಿಂಗ್ ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗಿಸಲು ಹೇಳಿದರು. ಪಂಪಿನ ಹತ್ತಿರದ ಸಂದಿಯಲ್ಲಿ ಬಿಳಿಯ ಮೇಲೆ ಕೆಂಪಗೆ ಒಂದು ಗೆರೆ ನೆನೆಯಿತು. ಆ ಪೈಪು ಬದಲಾಯಿತು. ನರಳಾಟ ನಿಂತಿತು.

ಸಂಜೆ ನಮ್ಮವರು ಓಣಿಯ ತುದಿಯವರೆಗೆ ಹೋಗಿ ಬಂದು, "ಇನ್ನೂ ಬಿಗಿ ಐತೆ" ಎಂದರು.

ಮೇಸ್ತ್ರಿ ಮತ್ತೆ ಒರೆಸಿ, ಮತ್ತೆ ಪೌಡರ್ ಹಚ್ಚಿದರು. ಈ ಸಲ ಎಲ್ಲಿಯೂ ನೆನೆಯಲಿಲ್ಲ. ಆಮೇಲೆ ಕಿಟಕಿಯೊಳಗೆ ಕೈ ಹಾಕಿ ಸ್ಟೇರಿಂಗನ್ನು ಎರಡು ಬೆರಳಲ್ಲಿ ತಿರುಗಿಸಿದರು. ತಿರುಗಿತು. ನಮ್ಮವರು ಆ ಬೆರಳುಗಳನ್ನೇ ನೋಡುತ್ತಿದ್ದರು.

"ಗಾಡಿ ಸರಿ ಐತೆ ಅಣ್ಣಾ…" ಮೇಸ್ತ್ರಿಯ ದನಿ ಇಳಿದಿತ್ತು. "ಭುಜ ಯಾವಾಗಿಂದ ಹಿಂಗೈತೆ?"

ನಮ್ಮವರು ನನ್ನ ಕಡೆ ನೋಡಿದರು. "ಬ್ಯಾಸಿಗೆಯಿಂದ."

ಆಗಿನಿಂದಲೇ ಅಂಗಿಯ ಗುಂಡಿ ಹಾಕಿಕೊಡು ಎನ್ನುತ್ತಿದ್ದರು. ನಾನು ಅದನ್ನು ಮುದ್ದು ಎಂದುಕೊಂಡಿದ್ದೆ.

ಆಸ್ಪತ್ರೆಗಳನ್ನು ಸುತ್ತಿದೆವು, ಕೈಯ ಬಲ ಮರಳಲಿಲ್ಲ. ಬಾಡಿಗೆ ನಿಂತಿತು. ಕಾರು ಮನೆಯ ಮುಂದೆಯೇ ಉಳಿಯಿತು. ಆದರೆ ಪ್ರತಿ ಬೆಳಿಗ್ಗೆ ಶೆಡ್ಡು ತೆಗೆದ ಕೂಡಲೇ ಮೇಸ್ತ್ರಿ ನಮ್ಮ ಗೇಟಿನ ಚಿಲಕ ಬಡಿಯುತ್ತಿದ್ದರು. "ಬರ್ರಿ ಅಣ್ಣಾ. ನಿಂತ ಗಾಡಿ, ರಬ್ಬರ್ ಸೀಲ್ ಒಣಗ್ತಾವೆ." ನಮ್ಮವರು ಇಸ್ತ್ರಿ ಅಂಗಿ ತೊಟ್ಟು ಹೋಗಿ ಕೂತು, ಎಡಗೈಯಲ್ಲಿ ಸ್ಟೇರಿಂಗ್ ಅತ್ತಿತ್ತ ತಿರುಗಿಸುವರು. ಮೇಸ್ತ್ರಿ ಕಿವಿಗೊಟ್ಟು ಕೇಳಿ, "ಇನ್ನೊಂದ್ಸಲ" ಎನ್ನುವರು. ಸೀಲಿಗೆ ಅದು ದಿನಾ ಬೇಕಿತ್ತೋ ಇಲ್ಲವೋ, ನಾನು ಕೇಳಲಿಲ್ಲ…

ನಮ್ಮವರು ಹೋದರು. ತಿಥಿ ಮುಗಿದು ಬಂದವರೆಲ್ಲ ಹೊರಟ ಮಾರನೆಯ ಬೆಳಿಗ್ಗೆ ಚಿಲಕ ಸದ್ದಾಯಿತು.

"ಅಕ್ಕಾ, ನೀವು ಕುಂದರ್ರಿ."

"ನಂಗೆ ಬರಲ್ಲ."

"ಓಡ್ಸದು ಬ್ಯಾಡ. ತಿರುಗಿಸ್ರಿ ಸಾಕು."

ಅವರೇ ಬಗ್ಗಿ ಚಾವಿ ತಿರುಗಿಸಿದರು. ನಾನು ಸ್ಟೇರಿಂಗ್ ಹಿಡಿದೆ. ಮಗು ಮಲಗಿದ ತೊಟ್ಟಿಲನ್ನು ತೂಗುವಷ್ಟೂ ಬಲ ಬೇಕಾಗಲಿಲ್ಲ. ಇಷ್ಟು ಹಗುರದ್ದು ಅವರಿಗೆ ಭಾರವಾಗಿತ್ತಲ್ಲ ಎಂದು ಕೈ ಅಲ್ಲೇ ನಿಂತಿತು. ಮೇಸ್ತ್ರಿ ಆ ಕಡೆ ತಿರುಗಿ ನಿಂತು, ಒರೆಸಿದ ಕೈಯನ್ನೇ ಮತ್ತೆ ಒರೆಸಿಕೊಳ್ಳುತ್ತಿದ್ದರು. ತುಸು ಹೊತ್ತಾದ ಮೇಲೆ "ಇನ್ನೊಂದ್ಸಲ" ಎಂದರು.

ಮುಂದೆ ಕಾರು ಮಾರಿದೆ. ಮೇಸ್ತ್ರಿ ಶೆಡ್ಡು ಮುಚ್ಚಿ ಮೊಳಕಾಲ್ಮೂರಿನ ತಮ್ಮನ ಮನೆಗೆ ಹೋದರು. ಅವರು ತೀರಿಕೊಂಡ ಸುದ್ದಿ ನನಗೆ ತಲುಪುವಷ್ಟರಲ್ಲಿ ಎಲ್ಲ ಮುಗಿದಿತ್ತು. ಈಗ ಶೆಡ್ಡಿನ ಜಾಗದಲ್ಲಿ ಮೊಬೈಲ್ ಅಂಗಡಿ. ನನ್ನ ಗೇಟಿನ ಚಿಲಕ ಬಡಿಯುವವರು ಹಾಲಿನವರನ್ನು ಬಿಟ್ಟರೆ ಯಾರೂ ಇಲ್ಲ.

ಡಬ್ಬಿಯಲ್ಲಿ ಇನ್ನೂ ಒಂದಿಷ್ಟು ಪೌಡರ್ ಇದೆ. ಮುಚ್ಚಳ ಬಿಗಿ ಮಾಡಿ ಅರೆಯ ಮೇಲೆಯೇ ಇಟ್ಟೆ, ಒರೆಸುವ ಬಟ್ಟೆ ತಾಗದಂತೆ ಆ ಹೆಬ್ಬೆಟ್ಟಿನ ಗುರುತನ್ನು ಗೋಡೆಯ ಕಡೆಗೆ ತಿರುಗಿಸಿ.