ಐದನೆಯ ಹೊಲಿಗೆ

ಉಸ್ಸ್ ಎಂದಿತು ಲಾರಿ. ಯಲ್ಲಾಪುರದಲ್ಲಿ ಹೆದ್ದಾರಿಗೆ ಬೆನ್ನು ಕೊಟ್ಟ ಜೊಹರಾಳ ಮನೆಯಲ್ಲಿ ಹಗಲಿಡೀ ಇದೇ ಸದ್ದು. ಇಡಗುಂದಿ ಕಡೆಯಿಂದ ಏರು ಹತ್ತಿ ಬಂದ ಲಾರಿಗಳು ಬ್ರೇಕ್ ಹಾಕುವ ಸದ್ದು. ಇಪ್ಪತ್ತು ವರ್ಷ ಅದನ್ನು ಕೇಳುತ್ತಲೇ ಹೊಲಿಗೆ ಯಂತ್ರ ತುಳಿದವಳು. ಈಚೆಗೆ ಮಾತ್ರ ಅದು ಬಿಗಿ ರವಿಕೆಯ ಹುಕ್ಕು ಬಿಚ್ಚಿದ ಯಾರದೋ ಉಸಿರಿನಂತೆ, ತೀರಾ ಕಿವಿಯ ಹಿಂದೆ ಕೇಳಿಸುತ್ತಿತ್ತು.

ಬಟ್ಟೆ ಬಿಗಿ ಮಾಡಿಕೊಡಿ ಎಂದರೆ ಜೊಹರಾ ಹೆಚ್ಚಾದದ್ದನ್ನು ಕತ್ತರಿಸುವುದಿಲ್ಲ. ಒಳಗೆ ಮಡಚಿ ಇನ್ನೊಂದು ಹೊಲಿಗೆ ಹಾಕುತ್ತಾಳೆ. "ಜನವರೀಲಿ ಇಳ್ದದ್ದು ಯುಗಾದಿಗೆ ವಾಪಸ್ ಬರ್ತದೆ, ಆಗ ಬಿಚ್ಚಿದ್ರಾಯ್ತು" ಎಂದು ನಗುತ್ತಾಳೆ.

ಶಾಲೆಯ ಗೀತಾ ಟೀಚರ್ ಹೊಸ ವರ್ಷಕ್ಕೆ ಅತಿಯಾಸೆ ಇಟ್ಟುಕೊಂಡಿರಲಿಲ್ಲ. ತಿಂಗಳಿಗೆ ಎರಡೇ ಕೆಜಿ. ಅನ್ನ ಒಂದು ಸೌಟು ಕಡಿಮೆ, ಬೆಳಿಗ್ಗೆ ಅರ್ಧ ಗಂಟೆ ನಡಿಗೆ. ಎರಡು ಕೆಜಿ ಎಂದರೆ ಅರ್ಧ ಬೆರಳು ಬಟ್ಟೆ ಎಂದು ಜೊಹರಾಳ ಕೈಗೆ ಗೊತ್ತು. ಜನವರಿಯಲ್ಲಿ ಅರ್ಧ ಬೆರಳೇ ಹಿಡಿಯಿತು. ಫೆಬ್ರವರಿಯಲ್ಲಿ ಒಂದು. ಮಾರ್ಚ್‌ನಲ್ಲಿ ಟೀಚರ್ ಅದೇ ರವಿಕೆ ಹಿಡಿದು ಎರಡು ಸಲ ಬಂದರು. ಇವತ್ತು ಮತ್ತೆ ಬಂದಿದ್ದರು.

"ಊಟಾನೇ ಬಿಟ್ರಾ ಟೀಚರೇ?"

"ಎಲ್ಲೀದ್ರೀ ಆಪಾ! ನಡಿಯೂದನ್ನ ಬಿಟ್ಟೀನಿ, ಸುಸ್ತಾಗತೈತಿ. ಹಬ್ಬದಾಗ ಹೋಳಿಗಿ ಹೊಡದೀನಿ. ಆದ್ರೂ ಇಳೀತೇ ಐತಿ ನೋಡ್ರಿ, ಹದಿನಾಕು ಕೆಜಿ! ನಮ್ಮನಿಯವ್ರು ಮದುವಿ ಹುಡುಗಿ ಬಂದ್ಲು ಅಂತಾರ."

"ಡಾಕ್ಟ್ರಿಗೆ ತೋರಿಸ್ಬಾರ್ದಾ?"

"ತೂಕ ಇಳೀತಂತ ಯಾರರ ದವಾಖಾನಿಗೆ ಹೋಗ್ತಾರೇನ್ರೀ? ನಿಮಗ ಹೊಟ್ಟಿಕಿಚ್ಚು, ಅಷ್ಟ. ಸಾಲಿ ಬಿಡೂದ್ರಾಗ ಮಾಡಿಡ್ರಿ."

ಅವರು ಹೋದ ಮೇಲೆ ಜೊಹರಾ ರವಿಕೆಯ ಒಳಮೈ ಹೊರಳಿಸಿದಳು. ಒಂದರ ಪಕ್ಕ ಒಂದು ನಾಲ್ಕು ಹೊಲಿಗೆ. ಟೇಪು ಹುಡುಕುವ ಮೊದಲೇ ಸೀಮೆಸುಣ್ಣ ಹಿಡಿದ ಕೈ ಐದನೆಯ ಗೆರೆಯನ್ನು ತಾನಾಗಿ ಎಳೆದುಬಿಟ್ಟಿತು. ಈ ಗೆರೆಯನ್ನು ಕೈ ಹಿಂದೊಮ್ಮೆ ಎಳೆದಿತ್ತು.

ಅವಳು ಟ್ರಂಕು ತೆಗೆದಳು. ಅಡಿಯಲ್ಲಿ ತಂಗಿ ಮುಬಶ್ಶಿರಾಳ ಕಮೀಜು. ಆರು ವರ್ಷದ ಹಿಂದೆ ಅವಳೂ ಹೊಸ ವರ್ಷಕ್ಕೆ ಇಷ್ಟು ಇಳಿಸುತ್ತೇನೆ ಎಂದಿದ್ದಳು. ಚಂದ ಕಾಣ್ತೀಯ ಎನ್ನುತ್ತ ಜೊಹರಾ ಒಂದೊಂದೇ ಹೊಲಿಗೆ ಹಾಕುತ್ತ ಹೋಗಿದ್ದಳು. ಐದನೆಯದು ಹಾಕಿಟ್ಟ ಕಮೀಜನ್ನು ತೊಡಲು ಅವಳು ಉಳಿಯಲಿಲ್ಲ. ಒಳಗಿದ್ದ ರೋಗ ತಿಳಿದದ್ದು ಕೊನೆಯ ವಾರದಲ್ಲಿ.

ಜೊಹರಾ ಕಮೀಜಿನ ಮೇಲೆ ರವಿಕೆಯನ್ನು ಹಾಸಿದಳು. ಅರ್ಧ ಬೆರಳು, ಒಂದು ಬೆರಳು... ಗೆರೆಯ ಮೇಲೆ ಗೆರೆ ಕೂತಿತು. ಐದನೆಯದೂ ಕೂತಿತು.

ಕಿವಿಯ ಹಿಂದೆ ಉಸ್ಸ್ ಎಂದಿತು. ತಿರುಗಿ ಕಿಟಕಿಯಲ್ಲಿ ನೋಡಿದರೆ ರಸ್ತೆ ಖಾಲಿ. ಬಿಸಿಲು ಮಾತ್ರ ಇತ್ತು.

ಅವಳು ಎರಡೂ ಬಟ್ಟೆ ಕಂಕುಳಲ್ಲಿಟ್ಟುಕೊಂಡು ಹೊರಬಿದ್ದಳು. ಪಕ್ಕದ ಕಟ್ಟೆಯಲ್ಲಿ ಹೂ ಕಟ್ಟುತ್ತಿದ್ದ ಚೌಡಮ್ಮ ಕೂಗಿದಳು: "ಎಂತ ಮಾರಾಯ್ತಿ, ಬಾಗ್ಲೂ ಹಾಕ್ದೆ ಎಲ್ಲಿಗೆ ಓಡ್ತೆ? ಟೀಚರ್ ಬ್ಲೌಸು ಹೊಲ್ದಾಯ್ತಾ?"

"ಹೊಲಿಯೂದಿಲ್ಲ. ಶಾಲೆಗೇ ಹೋಗ್ತೇನೆ. ಬೈದ್ರೆ ಬೈಲಿ, ಕೈ ಹಿಡಿದು ಇವತ್ತೇ ಆಸ್ಪತ್ರೆಗೆ ಎಳ್ಕೊಂಡು ಹೋಗ್ತೇನೆ, ತಂಗಿಗೆ ಆವಾಗ ಬಾಯಿ ಮುಚ್ಕೊಂಡು ಹೊಲ್ದೆ ಚೌಡಮ್ಮ, ಇನ್ನೊಂದು ಸಲ ಹೊಲಿಯೂದಿಲ್ಲ ನಾನು" ಎನ್ನುತ್ತಲೇ ಜೊಹರಾ ರಸ್ತೆ ದಾಟಿ ಶಾಲೆಯ ಕಡೆ ಓಡಿದಳು.